ಬಂದ್ ಮಾಡಬಾರದ ಕಾರು

ಬೀಗರ ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು, ಮಗಳು ನಂದಿನಿಯ ಅಪ್ಪ, ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಾರೆ. ಹಾಗಲ್ಲದಿದ್ದರೆ ಸುರಪುರದಿಂದ ಶಹಾಪುರಕ್ಕೆ ಮಾತು ಮುಟ್ಟುವುದಿಲ್ಲವೆಂದು ಅವರ ನಂಬಿಕೆ. ಹೀಗಾಗಿ ಆ ದಿನ ಬೀಗರು ಹೇಳಿದ್ದನ್ನು ನಾನೂ ಕೇಳಿದೆ, ಪಕ್ಕದ ಮನೆಯ ಭುವನೇಶ್ವರಿಯೂ ಕೇಳಿದಳು, ಹಿತ್ತಲಲ್ಲಿ ಕಟ್ಟಿದ್ದ ಆಡುಗಳೂ ಕೇಳಿದವು.

"ಬೀಗರ, ಶುಕ್ರವಾರ ನಂದಿನಿ ಕುಬಸಾ ಇಟ್ಟೀವ್ರಿ, ಬರ್ರಿ," ಎಂದರು ಪರಮಣ್ಣನವರು. "ಆದ್ರ ಡಾಕ್ಟರಮ್ಮ ಬಸ್ಸಿನ್ಯಾಗ ಕುಕ್ಕಾಡಿಸಬ್ಯಾಡ್ರಿ ಅಂದಾಳ. ಶನಿವಾರ ಅಮಾಸಿ. ಅದು ದಾಟಿತು ಅಂದ್ರ ಎಂಟನೇ ತಿಂಗಳು ಬೀಳ್ತದ, ಆಮ್ಯಾಲ ಕಳಸೂ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕ ಹೆರಿಗಿ ಇಲ್ಲೇ ಆಗ್ಲಿ ಬಿಡ್ರಿ. ನಮ್ಮ ಮನ್ಯಾಗ ಏನು ಕಡಿಮಿ ಅದ?"

ಕೈಯಲ್ಲಿದ್ದ ರೊಟ್ಟಿ ಹರಿದು ಹಂಚಿನ ಮೇಲೆ ಬಿತ್ತು. ಮಗಳ ಚೊಚ್ಚಲ ಹೆರಿಗೆ. ಕುಬಸ, ಅಂದರೆ ಸೀಮಂತ, ಮುಗಿಸಿ ತವರಿಗೆ ಕರೆತರುವುದು ವಾಡಿಕೆ. ಬಾಣಂತಿಯ ಕೋಣೆಗೆ ಸುಣ್ಣ ಬಳಿದಾಗಿತ್ತು, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದಾಗಿತ್ತು, ಅಂಟಿನ ಉಂಡೆಗೆ ಕೊಬ್ಬರಿಯನ್ನೂ ತಂದಿಟ್ಟಾಗಿತ್ತು. ನಾನು ಬೇಡ ಎನ್ನುವಂತಿಲ್ಲ, ಹೂಂ ಎನ್ನುವುದಕ್ಕೂ ಬಾಯಿ ಬರಲಿಲ್ಲ.

ನಂದಿನಿಯ ಅಪ್ಪ ನನ್ನ ಮುಖ ನೋಡಿದರು. ಬಳಿಕ ಫೋನಿಗೆ ಹೇಳಿದರು: "ಬಸ್ಸ ಯಾಕ್ರಿ ಬೀಗರ? ನಮ್ಮ ಕಾರ ತರ್ತೀವಲ್ರಿ."

ನಮ್ಮ ಮನೆಯಲ್ಲಿ ಆಗ ಇದ್ದ ವಾಹನವೆಂದರೆ ಒಂದು ಸೈಕಲ್ಲು, ಮತ್ತೆ ಹುಟ್ಟಲಿರುವ ಮೊಮ್ಮಗುವಿಗೆಂದು ಭುವನೇಶ್ವರಿ ಮುಂಗಡವಾಗಿ ಕೊಟ್ಟಿದ್ದ ಮೂರು ಗಾಲಿಯ ಕಟ್ಟಿಗೆಯ ಬಂಡಿ.

"ಕಾರ ತಗೊಂಡ್ರೇನ್ರಿ?" ಎಂದು ಬೀಗರು ಕೇಳಿದರು.

"ತಗೊಂಡಂಗ ಅಂತ ತಿಳಕೋರಿ," ಎಂದು ಹೇಳಿ ಫೋನು ಇಟ್ಟರು.

ಗೋಡೆಯಾಚೆಯಿಂದ ಭುವನೇಶ್ವರಿ ಕೇಳಿದಳು, "ಅಣ್ಣಾ, ಬಾಡಿಗಿ ಗಾಡಿ ಒಯ್ದು ನಮ್ದಾ ಅಂದ್ರ ನಡಿಯಂಗಿಲ್ಲೇನು?"

ನಡೆಯುವುದಿಲ್ಲ. ನಮ್ಮ ಬೀಗರದು ಶಹಾಪುರದ ಬಸ್ ನಿಲ್ದಾಣದ ಎದುರಿಗೆ ಚಹದ ಹೋಟೆಲು. ಸುತ್ತಲಿನ ತಾಲೂಕುಗಳ ಬಾಡಿಗೆ ಕಾರಿನವರೆಲ್ಲ ಅಲ್ಲೇ ಚಹ ಕುಡಿಯುವವರು. ಹಾರ್ನ್ ಕೇಳಿಯೇ ಇದು ಯಾರ ಗಾಡಿ ಎಂದು ಪರಮಣ್ಣನವರು ಹೇಳಬಲ್ಲರು. ಆದ್ದರಿಂದ ಶುಕ್ರವಾರದೊಳಗೆ ಒಂದು ಕಾರು ಬೇಕು, ಅದು ನಮ್ಮದೇ ಆಗಿರಬೇಕು. ಆ ವರ್ಷ ಸಂತೆಯಲ್ಲಿ ನಮ್ಮ ಟಗರುಗಳು ಒಳ್ಳೆಯ ಬೆಲೆಗೆ ಹೋಗಿದ್ದರಿಂದ ಹಳೆಯದೊಂದು ಸಣ್ಣ ಕಾರಿಗೆ ದುಡ್ಡಿನ ತೊಂದರೆಯಿರಲಿಲ್ಲ. ಓಡಿಸುವುದಕ್ಕೂ ತೊಂದರೆಯಿರಲಿಲ್ಲ, ಸಂತೆಗೆ ಕುರಿ ಒಯ್ಯುವ ಬಾಡಿಗೆ ಟೆಂಪೊ ಓಡಿಸಿ ಇವರಿಗೆ ರೂಢಿ. ತೊಂದರೆ ಇದ್ದದ್ದು ಆರಿಸುವುದರಲ್ಲಿ.

ಓಣಿಯಲ್ಲಿ ಸುದ್ದಿ ಹರಡಿತು. ಕಾರು ಇಲ್ಲದವರೆಲ್ಲ ಕಾರಿನ ಬಗ್ಗೆ ಬುದ್ಧಿ ಹೇಳಲು ಬಂದರು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ಒಬ್ಬರು. ಬಾಗಿಲ ಸಂದು ಒಂದೇ ಸಮ ಇಲ್ಲದಿದ್ದರೆ ಎಲ್ಲೋ ಬಡಿದಿದೆ ಎಂದು ಇನ್ನೊಬ್ಬರು. ಭುವನೇಶ್ವರಿ ಹೇಳಿದ್ದು ಮಾತ್ರ ನನಗೆ ನಾಟಿತು: "ಭೀಮಾ ಹೊಳಿ ಏರಿದಾಗ ನೀರಾಗ ನಿಂತ ಗಾಡಿ ಭಾಳ ಮಾರಾಕತ್ತಾರಕ್ಕಾ. ಕಾಲಾಗಿನ ಚಾಪಿ ಎತ್ತಿ ಮೂಸಿ ನೋಡ್ರಿ. ಕೆಸರಿನ ನಾತ ಹೋಗಂಗಿಲ್ಲ."

ನಂದಿನಿಯ ಅಪ್ಪ ಎಲ್ಲರ ಮಾತಿಗೂ ತಲೆಯಾಡಿಸಿದರು. ಕೊನೆಗೆ ಹೇಳಿದರು, "ಜೀವಾ ನೋಡಿ ತಗೊಳ್ಳೂದು ನಮಗೇನು ಹೊಸಾದಲ್ಲ." ಅದು ನಿಜ. ಕುರಿಸಂತೆಯಲ್ಲಿ ಇವರ ಕಣ್ಣಿಗೆ ಹೆಸರಿದೆ. ಇವರು ಆರಿಸಿದ ಟಗರು ಎಂದರೆ ಜನ ಮತ್ತೆ ಹಲ್ಲು ಬಿಡಿಸಿ ನೋಡುವುದಿಲ್ಲ.

ಯಾದಗಿರಿಯಲ್ಲಿ ಲಕ್ಷ್ಮಿಕಾಂತ ಎಂಬ ನಿವೃತ್ತ ಗುಮಾಸ್ತರ ಹತ್ತಿರ ಒಂದು ಬಿಳಿ ಕಾರು ಇದೆಯೆಂದು ತಿಳಿದು ಗುರುವಾರ ಇಬ್ಬರೂ ಹೋದೆವು. ಕಾರು ಬೇವಿನ ಮರದ ಕೆಳಗೆ ಮೈ ತೊಳೆಸಿಕೊಂಡು ನಿಂತಿತ್ತು. ಇವರು ಮಾತಾಡದೆ ಸುತ್ತು ಹಾಕಿದರು. ಸಂತೆಯ ಕ್ರಮವೇ ಹಾಗೆ. ಮೊದಲು ಮಾತಾಡಿದವನು ಸೋತ.

ಟೈರುಗಳನ್ನು ಗೊರಸು ನೋಡುವ ಹಾಗೆ ಒಂದೊಂದಾಗಿ ಬಗ್ಗಿ ನೋಡಿದರು. ಮೂಲೆಮೂಲೆಯನ್ನು ಒತ್ತಿ ಬಿಟ್ಟು, ಕುಂಟುತ್ತದೆಯೋ ಎಂದು ಪರೀಕ್ಷಿಸಿದರು. ಟವೆಲ್ ಹಾಸಿ ಕಾರಿನ ಅಡಿಯಲ್ಲಿ ಮಲಗಿ ಎಣ್ಣೆ ಸೋರಿದೆಯೋ ಎಂದು ಹುಡುಕಿದರು. ನಾನು ಚಾಪೆ ಎತ್ತಿ ಮೂಸಿದೆ. ಕರ್ಪೂರದ ವಾಸನೆ ಬಂತು.

"ಇದಕ್ಕ ಬ್ಯಾನಿ ಏನರ ಬಂದಿತ್ತೇನ್ರಿ?" ಎಂದು ಇವರು ಕೊನೆಗೂ ಬಾಯಿ ಬಿಟ್ಟರು.

"ಗಾಡಿಗಾ?" ಎಂದರು ಲಕ್ಷ್ಮಿಕಾಂತ.

"ಗಾಡಿಗಾ ರೀ. ನಿಮಗ ಬಂದಿದ್ರ ನಾವ್ಯಾಕ ಕೇಳೂಣು?"

"ಏನಿಲ್ರಿ. ಮಗಳಂಗ ನೋಡಿಕೊಂಡೇನಿ."

ಕಡೆಯ ಪರೀಕ್ಷೆಯಾಗಿ ಇವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಕುರಿಯ ಕಿವಿ ಹಿಡಿದು ನೋಡುವುದೂ ಹೀಗೆಯೇ. ಕಿವಿ ತಣ್ಣಗಿದ್ದರೆ ಜಡ್ಡು, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬೆಚ್ಚಗಿದ್ದರೆ ಒಳಗೆ ಗಟ್ಟಿ ಇದೆ ಎಂದರ್ಥ.

"ಮೈ ಬೆಚ್ಚಗದ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಜೀವ ಗಟ್ಟಿ ಅದ. ಇದಾ ಇರ್ಲಿ."

"ಈಗಷ್ಟ ಕಿರಾಣಿಗಿ ಹೋಗಿ ಬಂದೇನ್ರಿ, ಅದಕ್ಕ," ಎಂದರು ಲಕ್ಷ್ಮಿಕಾಂತ. ಅವರನ್ನು ಯಾರೂ ಕೇಳಿರಲಿಲ್ಲ.

ಕೀಲಿಕೈ ತಿರುಗಿಸಿದ ಕೂಡಲೇ ಕಾರು ಚಾಲೂ ಆಯಿತು. ಹೊಗೆಯಿಲ್ಲ, ಸದ್ದಿಲ್ಲ. ನಾವು ಹೊರಟಾಗ ಆ ಓಣಿಯ ಗಂಡಸರು ಒಬ್ಬೊಬ್ಬರೇ ಬಾಗಿಲಿಗೆ ಬಂದು ಕೈಬೀಸಿದರು. ಒಬ್ಬರಂತೂ ಕಿಟಕಿಯ ಹತ್ತಿರ ಬಂದು, "ಖರೇನಾ ಒಯ್ಯಾಕತ್ತೀರಿ?" ಎಂದು ಕೇಳಿ, ಹೌದೆಂದಾಗ ಎರಡೂ ಕೈ ಮುಗಿದರು. ಎಂಥ ಅಂತಃಕರಣದ ಜನ ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದೆವು.

ಶುಕ್ರವಾರ ಬೆಳಗ್ಗೆ ಕುಬಸದ ಸೀರೆ, ಹಸಿರು ಬಳೆ, ಉಂಡೆಗಳ ಡಬ್ಬಿ ಎಲ್ಲ ಹಿಂದಿನ ಸೀಟಿನಲ್ಲಿಟ್ಟು ನಾನು ಮುಂದೆ ಕುಳಿತೆ. ಇವರು ಕೀಲಿಕೈ ತಿರುಗಿಸಿದರು. ಕಾರು ಕುರ್ ಕುರ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಮತ್ತೆ ಕುರ್ ಕುರ್. ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟರು.

"ತಣ್ಣಗಾಗ್ಯಾದ," ಎಂದರು.

ಅವರು ಹೇಳಿದ ರೀತಿಗೆ ಭುವನೇಶ್ವರಿ ಸೆರಗು ಸರಿಮಾಡಿಕೊಂಡು ಹತ್ತಿರ ಬಂದು, "ಯಾವಾಗ ಹೋತ್ರಿ ಅಣ್ಣಾ?" ಎಂದು ಕೇಳಿದಳು.

ಯಾದಗಿರಿಗೆ ಫೋನು ಹೋಯಿತು, ಸ್ಪೀಕರಿನಲ್ಲೇ. ಲಕ್ಷ್ಮಿಕಾಂತ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು ಆಶ್ಚರ್ಯಪಟ್ಟರು. "ಯಾಕ್ರಿ, ನಿಮ್ಮ ಓಣ್ಯಾಗ ಗಂಡಸರಿಲ್ಲೇನು? ನಮ್ಮಲ್ಲಿ ದಿನಾ ಮುಂಜಾನಿ ನಾಕು ಮಂದಿ ಬಂದು ದಬ್ಬಿ ಕೊಡತಿದ್ರು. ಭಾಳ ಒಳ್ಳೆ ಮಂದಿ."

ನಮ್ಮ ಓಣಿಯಲ್ಲೂ ಗಂಡಸರಿದ್ದರು. ದಬ್ಬಿದರು. ಇಳುಕಲಿನಲ್ಲಿ ಕಾರು ಕೆಮ್ಮಿ ಎದ್ದಿತು. ನೇರ ಚಾಂದಪಾಶಾನ ಗ್ಯಾರೇಜಿಗೆ ಹೋದೆವು. ಅವನು ಕಿವಿಗೊಟ್ಟು ಕೇಳಿದ. "ಅಣ್ಣಾ, ಬಿಸಿ ಇದ್ದಾಗ ಏಳ್ತದ, ತಣ್ಣಗಾದ್ರ ಏಳಂಗಿಲ್ಲ. ಗಾಡಿ ತಗೊಳ್ಳಾಕ ಹೋದಾಗ ಎಂಜಿನ್ ತಣ್ಣಗಿರಬೇಕ್ರಿ, ಆವಾಗ ಗೊತ್ತಾಗ್ತದ. ಪ್ಲಗ್ಗೋ ಪಂಪೋ ಬಿಚ್ಚಿ ನೋಡ್ತೇನಿ, ಎರಡು ದಿನ ಬಿಟ್ಟು ಹೋಗ್ರಿ."

"ಇವತ್ತ ಕುಬಸಾ ಅದಪಾ."

"ಹಂಗಾರ ಬಂದ್ ಮಾಡಬ್ಯಾಡ್ರಿ. ಇನ್ನೊಂದು ಮಾತ್ ಅದ ಅಣ್ಣಾ..."

ಇನ್ನೊಂದು ಮಾತು ಕೇಳುವ ಧೈರ್ಯ ಇವರಿಗೆ ಇರಲಿಲ್ಲ. ಆಗಲೇ ಗೇರು ಹಾಕಿಯಾಗಿತ್ತು. ದಾರಿಯಲ್ಲಿ ನನಗೆ ಎಚ್ಚರಿಕೆಯೂ ಆಯಿತು: "ಬೀಗರ ಮುಂದ ಇದರ ಸುದ್ದಿ ತಗೀಬ್ಯಾಡ. ಗಾಡಿ ಸರಿ ಇಲ್ಲ ಅಂದ್ರ ಹುಡುಗೀನ್ ಕಳಸಂಗಿಲ್ಲ ಅವರು."

ಅದಕ್ಕೆ ನಾನು ಬಾಯಿ ಮುಚ್ಚಿಕೊಂಡೆ. ಮುಂದೆ ಎಡವಟ್ಟಾದದ್ದೇ ಅದರಿಂದ.

ಶಹಾಪುರದಲ್ಲಿ ಬೀಗಿತಿ ಬಸವೇಶ್ವರಿ ಬಾಗಿಲಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಹಿಂದೆ ನಂದಿನಿ, ಕೆನ್ನೆ ತುಂಬಿ, ಗೋಡೆಗೆ ಕೈಯೂರಿ ನಗುತ್ತ. ನಾನು ಇಳಿದು ಮೊದಲು ಅವಳ ಕೈ ಹಿಡಿದೆ. ನಂದಿನಿಯ ಅಪ್ಪನೂ ಇಳಿದರು. ಕಾರು ಮಾತ್ರ ಬಾಗಿಲೆದುರಿಗೆ ಗುರುಗುಡುತ್ತಲೇ ಇತ್ತು.

"ಬೀಗರ, ಗಾಡಿ ಬಂದ್ ಮಾಡ್ರಲ್ಲ," ಎಂದರು ಪರಮಣ್ಣ.

"ಇರ್ಲಿ ಬಿಡ್ರಿ."

ನಮ್ಮ ಕಡೆ ಗಾಡಿ ಚಾಲೂ ಇಟ್ಟು ಮನೆಯೊಳಗೆ ಬರುವವರು ಮೂರು ತರದವರು: ಪೊಲೀಸರು, ಸಿಲಿಂಡರ್ ಇಳಿಸುವವರು ಮತ್ತು ಜಗಳಕ್ಕೆ ಬಂದವರು. ಇವರು ಮೊದಲಿನ ಎರಡರಲ್ಲಿ ಸೇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನೀರು ಕೊಟ್ಟರು. ಇವರು ನಿಂತೇ ಕುಡಿದರು, ಕಣ್ಣು ಕಾರಿನ ಕಡೆ. ಚಾಪೆ ಹಾಸಿದರು. ಇವರು ಅದರ ಅಂಚಿನಲ್ಲಿ, ಬಾಗಿಲ ಕಡೆಗೆ ಮುಖ ಮಾಡಿ ಕುಳಿತರು. ಒಳಗೆ ನಂದಿನಿಗೆ ಬಳೆ ತೊಡಿಸುತ್ತಿರುವಾಗ ಬಸವೇಶ್ವರಿ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು.

"ಬೀಗರಿಗೆ ಏನರ ಸಿಟ್ಟ ಬಂದಾದೇನ್ರಿ?"

"ಇಲ್ರಿ, ಹಂಗೇನಿಲ್ಲ."

"ಮದುವ್ಯಾಗ ಅವರ ತಮ್ಮಗ ಮರ್ಯಾದಿ ಟವೆಲ್ ಮುಟ್ಟಿಸಿದ್ದಿಲ್ಲ. ಅದಾ ಇರಬೇಕು." ಅವರು ಟ್ರಂಕು ತೆಗೆದು ಹೊಸ ಟವೆಲ್ ಒಂದನ್ನು ಹೊರಗೆ ಕಳಿಸಿದರು. ನಂದಿನಿಯ ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಕೈಮುಗಿದರು. ಕಾರು ಗುರುಗುಡುತ್ತಲೇ ಇತ್ತು. ಟವೆಲ್ ಸಾಲಲಿಲ್ಲವೆಂದು ತಿಳಿದು ಒಂದು ಶಾಲೂ ಹೋಯಿತು. ಶಾಲು, ಟವೆಲ್ ಎರಡನ್ನೂ ಹೊದ್ದು, ಬಿಸಿಲಿಗೆ ಬೆವರುತ್ತ, ಇವರು ಮತ್ತೆ ಬಾಗಿಲ ಕಡೆ ನೋಡಿದರು.

ಆಗ ಪರಮಣ್ಣನವರ ಮುಖ ಸಣ್ಣದಾಯಿತು. ಮಗ, ನಮ್ಮ ಅಳಿಯ ಮೌನೇಶನನ್ನು ಒಳಗೆ ಕರೆದರು. ಅವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಹೋಟೆಲಿನ ಗಂಟಲು.

"ಹೆರಿಗಿ ಇಲ್ಲೇ ಮಾಡಸ್ತೀವಿ ಅಂದಿದ್ದಕ್ಕ ಸಿಟ್ಟಾಗ್ಯಾರ ನಿಮ್ಮ ಮಾವ. ಕೂಳಿಗಿ ಕೂಡೂ ಮನಸಿಲ್ಲ ಅವರಿಗಿ. ಇಷ್ಟು ಸಿಟ್ಟಿನ ಮನಿಗಿ ಬಸುರಿ ಹುಡುಗೀನ್ ಹ್ಯಾಂಗ ಕಳಸೂದು?"

"ಅಪ್ಪಾ, ಜರಾ ತಡೀರಿ," ಎಂದ ಮೌನೇಶ.

"ತಡದಾ ಹೇಳಾಕತ್ತೇನಿ. ಇಲ್ಲೇ ಇರ್ಲಿ ಆಕಿ."

ನನ್ನ ಕೈಯಲ್ಲಿದ್ದ ಹಸಿರು ಬಳೆ ನಂದಿನಿಯ ಮಣಿಕಟ್ಟಿನ ಹತ್ತಿರವೇ ನಿಂತಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು.

ಹೊರಗೆ ಕೇಳಿಸಿಕೊಂಡ ನಂದಿನಿಯ ಅಪ್ಪನಿಗೆ ಏನು ತೋಚಿತೋ, ಎದ್ದು ನಿಂತು ಹೇಳಿದರು, "ಸಿಟ್ಟಲ್ರಿ ಬೀಗರ. ಗಾಡ್ಯಾಗ ಎಸಿ ಅದ. ಮಗಳು ಕೂಡೂದ್ರಾಗ ಒಳಗ ತಂಪಾಗಿರ್ಲಿ ಅಂತ ಚಾಲೂ ಇಟ್ಟೇನಿ."

ಮನೆಯೊಳಗಿನ ಗಾಳಿಯೇ ಬದಲಾಯಿತು. ಬಸವೇಶ್ವರಿ ಕೆನ್ನೆಗೆ ಕೈ ಹಚ್ಚಿದರು. "ನೋಡ್ರಿ, ಅಪ್ಪನ ಕರಳು ಅಂದ್ರ ಇದು. ನಿಮಗ ಎಂದರ ನನ್ನ ಸಲುವಾಗಿ ಫ್ಯಾನ್ ಹಚ್ಚಬೇಕು ಅನಿಸ್ಯಾದೇನು?" ಎಂದು ಗಂಡನ ಕಡೆ ತಿರುಗಿದರು. ಪರಮಣ್ಣನವರು ಆ ಪ್ರಶ್ನೆ ಕೇಳಿಸದವರಂತೆ ಬೀಗರ ಕೈ ಹಿಡಿದು ಊಟಕ್ಕೆ ಕೂಡಿಸಿದರು.

ಎಲ್ಲ ಸರಿಹೋದಂತೆಯೇ ಇತ್ತು. ಆದರೆ ಮೌನೇಶನ ಅಜ್ಜಿ ಮಾಳಮ್ಮ ಎಸಿ ಎಂಬ ಮಾತು ಕೇಳಿಸಿಕೊಂಡಿದ್ದರು. ಇವರು ಹೋಳಿಗೆ ಮುರಿಯುವಷ್ಟರಲ್ಲಿ ಅವರು ಕೋಲೂರಿಕೊಂಡು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಹಿಂದೆ ಅವರ ಓರಗೆಯ ಮೂವರು. ಹಾದುಹೋಗುವ ಹುಡುಗನನ್ನು ಕರೆದು ಎಸಿ ಹಚ್ಚಿಸಿ, ಕಿಟಕಿ ಏರಿಸಿಕೊಂಡು, ಎಲೆಯಡಿಕೆ ಚೀಲ ಬಿಚ್ಚಿದರು.

"ಅಂಬಣ್ಣಾ," ಎಂದು ಸ್ವಲ್ಪ ಹೊತ್ತಿನ ಬಳಿಕ ಮಾಳಮ್ಮ ಕಾರಿನ ಬಾಗಿಲು ತೆರೆದು ಇವರ ಹೆಸರು ಹಿಡಿದು ಕೂಗಿದರು, "ನಿನ್ನ ಗಾಡಿ ತಂಪ್ ಭಾಳ ಚೊಲೊ ಅದಪಾ. ಆದ್ರ ಮುಂದ ಯಾರೋ ಚಹಾ ಇಟ್ಟಂಗ ಕಾಣ್ತದ."

ಹೊರಗೆ ಬಂದು ನೋಡಿದರೆ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಇವರು ಹೋಳಿಗೆ ಕೈಯಲ್ಲೇ ಓಡಿಹೋಗಿ ಕೀಲಿಕೈ ತಿರುಗಿಸಿದರು. ಬೆಳಗಿನಿಂದ ಮೊದಲ ಸಲ ಸದ್ದು ನಿಂತಿತು. ಅಜ್ಜಿಯರು ಒಬ್ಬೊಬ್ಬರಾಗಿ ಇಳಿದರು. ಮುಚ್ಚಿಡಲು ಏನೂ ಉಳಿಯಲಿಲ್ಲ. ತಣ್ಣಗಾದರೆ ಏಳುವುದಿಲ್ಲ, ಅದಕ್ಕೇ ಬಂದ್ ಮಾಡಿರಲಿಲ್ಲ ಎಂಬುದನ್ನು ಇವರು ಶಾಲಿನ ಅಂಚು ತಿರುವುತ್ತ ಹೇಳಿ ಮುಗಿಸಿದರು.

ಪರಮಣ್ಣನವರು ಹಬೆಯನ್ನೊಮ್ಮೆ, ಇವರನ್ನೊಮ್ಮೆ ನೋಡಿದರು.

"ಅಂದ್ರ ಸಿಟ್ಟಲ್ಲ?"

"ಸಿಟ್ಟಲ್ರಿ. ಪ್ಲಗ್ಗೋ, ಪಂಪೋ."

"ನಾನು ಒಂದು ಶಾಲು, ಒಂದು ಟವೆಲ್ ಕೊಟ್ಟೇನಲ್ರಿ ಬೀಗರ, ಪ್ಲಗ್ಗಿಗಿ," ಎಂದು ಅವರು ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕರು. ಬಳಿಕ ತಾವೇ ಬಾಡಿಗೆ ಕಾರಿನವರಿಗೆ ಫೋನು ಹಚ್ಚಿದರು. ಅಮಾವಾಸ್ಯೆಯ ಹಿಂದಿನ ದಿನ, ಗಾಡಿಗಳೆಲ್ಲ ಯಾತ್ರೆಗೆ ಹೋಗಿದ್ದವು. ಒಬ್ಬ ಅಬ್ಬೆತುಮಕೂರಿನ ಮಠದ ಮುಂದಿದ್ದ, ಇನ್ನೊಬ್ಬ ಕೊಡೇಕಲ್ಲಿನಲ್ಲಿ, ಮತ್ತೊಬ್ಬ ಫೋನೇ ಎತ್ತಲಿಲ್ಲ. ನಗು ಹೋಯಿತು.

"ಈ ಗಾಡ್ಯಾಗ ಹ್ಯಾಂಗ ಕಳಸೂದು ಬೀಗರ? ನೀವಾ ಹೇಳ್ರಿ."

ಇವರು ಚಾಂದಪಾಶಾನಿಗೆ ಫೋನು ಮಾಡಿದರು. "ಅದನ್ನಾ ಹೇಳಬೇಕಂದಿದ್ದೆ ಅಣ್ಣಾ," ಎಂದ ಅವನು ಸ್ಪೀಕರಿನಲ್ಲಿ. "ಎಂಜಿನ್ ಮುಂದಿನ ಫ್ಯಾನ್ ತಿರಗಂಗಿಲ್ಲ. ನಿಂತ್ರ ಕಾಯ್ತದ, ನಡದ್ರ ಗಾಳಿಗಿ ಆರ್ತದ. ನೀರು ತುಂಬ್ರಿ, ಎಸಿ ಹಚ್ಚಬ್ಯಾಡ್ರಿ, ನಿಲ್ಲಿಸಬ್ಯಾಡ್ರಿ. ಸುರಪುರಕ್ಕ ಆರಾಮ ಬರ್ತದ."

ಹೀಗೆ ನಮ್ಮ ಕಾರಿನ ಗುಣ ಪೂರ್ತಿಯಾಗಿ ತಿಳಿಯಿತು. ಬಂದ್ ಮಾಡಿದರೆ ಏಳುವುದಿಲ್ಲ. ಚಾಲೂ ಇಟ್ಟು ನಿಲ್ಲಿಸಿದರೆ ಕುದಿಯುತ್ತದೆ.

"ಮಾವಾ," ಎಂದಳು ನಂದಿನಿ. "ನಡದ್ರ ಏನಾಗಂಗಿಲ್ಲ ಅಂದಾನಲ್ರಿ. ನನಗ ಅವ್ವನ ಹಂತ್ಯಾಕ ಹೋಗಬೇಕು ಅನಸ್ಯಾದ."

ಪರಮಣ್ಣನವರು ಹೆಂಡತಿಯ ಕಡೆ ನೋಡಿದರು. ಬಸವೇಶ್ವರಿ ನನ್ನ ಕಡೆ ನೋಡಿದರು. ಕಡೆಗೆ ಹೇಳಿದರು, "ಮೌನೇಶ, ನೀ ಬೈಕ್ ತಗೋ, ಎರಡು ಕ್ಯಾನ್ ನೀರು ಕಟ್ಟಿಕೊಂಡು ಹಿಂದಿಂದ ಹೋಗು. ಗಂಡಸರು ದಬ್ಬರಿ. ನಾ ಉಡಿ ತುಂಬತೇನಿ."

ಎಂಜಿನ್ನಿನ ನೀರು ಆರಿದ ಮೇಲೆ ಹೊಸ ನೀರು ತುಂಬಿ, ಬೀಗರ ಮನೆಯವರೆಲ್ಲ ಸೇರಿ ಕಾರನ್ನು ದಬ್ಬಿದರು. ಓಣಿಯ ತುದಿಯಲ್ಲಿ ಅದು ಎದ್ದಿತು. ನಿಲ್ಲಿಸುವ ಹಾಗಿಲ್ಲವಾದ್ದರಿಂದ ನಂದಿನಿಯ ಅಪ್ಪ ಅಲ್ಲಿದ್ದ ಹನುಮಪ್ಪನ ಗುಡಿಯನ್ನು ಬಳಸಿಕೊಂಡು ಸುತ್ತತೊಡಗಿದರು. ಒಂದು ಸುತ್ತಿನಲ್ಲಿ ಬಟ್ಟೆಯ ಗಂಟು ಒಳಗೆ ಬಿತ್ತು. ಮುಂದಿನ ಸುತ್ತಿನಲ್ಲಿ ಹೋಳಿಗೆ ಬುತ್ತಿ. ಕಟ್ಟೆಯ ಮೇಲಿದ್ದವನೊಬ್ಬ ಶಾಲು ಹೊದ್ದ ಇವರನ್ನು ನೋಡಿ, "ಎಷ್ಟು ಸುತ್ತಿನ ಹರಕಿ ರೀ?" ಎಂದು ಕೈಮುಗಿದ. ಇವರು ಸ್ಟೇರಿಂಗಿನ ಮೇಲಿಂದಲೇ ಕೈಮುಗಿದು ಮುಂದೆ ಹೋದರು.

ಕಡೆಯ ಸುತ್ತಿನಲ್ಲಿ ಒಂದು ಗಳಿಗೆ ನಿಂತರು. ನಂದಿನಿಯನ್ನು ಮೆಲ್ಲಗೆ ಕೂಡಿಸಿ ನಾನೂ ಹತ್ತಿದೆ. ಬಸವೇಶ್ವರಿ ಕಿಟಕಿಯಲ್ಲಿ ಕೈ ಹಾಕಿ ಅಕ್ಕಿ, ಕೊಬ್ಬರಿ, ಎಲೆಯಡಿಕೆಯ ಉಡಿ ತುಂಬಿದರು. ಎಷ್ಟು ಅವಸರ ಮಾಡಿದರೂ ಐದು ಸಲ ಹಾಕುವುದರೊಳಗೆ ಕಾರು ಸರಿಯತೊಡಗಿತು. ಅವರು ಜೊತೆಗೇ ನಡೆದರು, "ಜ್ವಾಕಿಯವ್ವಾ, ಭಾರ ಎತ್ತಬ್ಯಾಡ, ರಾತ್ರಿ ಒಬ್ಬಾಕೀನ ಏಳಬ್ಯಾಡ," ಎನ್ನುತ್ತ. ಅಕ್ಕಿ ಅರ್ಧ ಉಡಿಯಲ್ಲಿ, ಅರ್ಧ ಶಹಾಪುರದ ರಸ್ತೆಯಲ್ಲಿ ಬಿತ್ತು. ತಿರುವಿನ ತನಕ ಅವರು ಕಿಟಕಿ ಬಿಡಲಿಲ್ಲ.

ಸುರಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ನಂದಿನಿ ಇಳಿದು ಒಳಗೆ ಹೋಗಿ ಕೌದಿಯ ಮೇಲೆ ಕಾಲು ಚಾಚಿದ ಮೇಲೆಯೇ ಅವಳ ಅಪ್ಪ ಕೀಲಿಕೈ ತಿರುಗಿಸಿದ್ದು. ಮರುದಿನ ಚಾಂದಪಾಶಾ ಬಂದು ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅದರ ಸುದ್ದಿ ಆಮೇಲೆ ಯಾರೂ ಎತ್ತಲಿಲ್ಲ. ನಮಗೆ ಬೇರೆ ಕೆಲಸವಿತ್ತು. ಹೆಣ್ಣು ಮಗು ಹುಟ್ಟಿತು, ಮೂಗು ಮಾಳಮ್ಮನದು.

ಕೂಸಿಗೆ ಮೂರು ತಿಂಗಳು ತುಂಬುತ್ತಲೇ ಪರಮಣ್ಣನವರ ಫೋನು ಬಂತು. "ಬೀಗರ, ಸೊಸೀನ್ನ, ಮೊಮ್ಮಗಳನ್ನ ಯಾವಾಗ ಕಳಸ್ತೀರಿ? ಬಸ್ಸಿನ್ಯಾಗ ಬ್ಯಾಡ್ರಿ ಮತ್ತ. ನಿಮ್ಮ ಕಾರಿನ್ಯಾಗಾ ಬರಬೇಕು ಅಂತ ನಮ್ಮವ್ವ ಹಟ ಹಿಡದಾಳ."

"ಗಾಡಿ ರಿಪೇರಿಗಿ ಅದ್ರಿ, ಬಂದ ಕೂಡ್ಲೇ ಹೊಂಟಿವಿ," ಎಂದು ನಂದಿನಿಯ ಅಪ್ಪ ಅಂದೇ ಗ್ಯಾರೇಜಿಗೆ ಹೇಳಿಕಳಿಸಿದರು.

ಮರುದಿನ ಮಧ್ಯಾಹ್ನ ಇವರು ಸಂತೆಗೆ ಹೋದಾಗ ಚಾಂದಪಾಶಾ ಬಂದ. "ಅವ್ವಾರ, ಅಣ್ಣಾರಿಗಿ ಹೇಳ್ರಿ. ಪಂಪ್, ಫ್ಯಾನ್ ಎರಡೂ ಬಂದಾವ. ನಾಳಿ ಸಂಜಿಗಿ ಗಾಡಿ ತಯಾರ."

ಅವನಿಗೆ ಚಹ ಕೊಟ್ಟೆ. ಒಳಗೆ ನಂದಿನಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಕೂಸು ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ಸಾಂಬ್ರಾಣಿಗೆ ಕೆಂಡ ತರಲು ಅವಳು ನನ್ನನ್ನು ಕೂಗಿದಳು.

"ಚಾಂದಪಾಶಾ," ಎಂದೆ, "ಅಷ್ಟ್ಯಾಕ ಅವಸರಪಾ? ಹಳೀ ಗಾಡಿ. ಒಮ್ಮೆ ಪೂರಾ ಬಿಚ್ಚಿ ನೋಡು."

ಅವನು ಚಹದ ಬಸಿ ಕೆಳಗಿಟ್ಟು ಒಳಗಿನ ಅಳು ಕೇಳಿಸಿಕೊಂಡ.

"ಪೂರಾ ಬಿಚ್ಚಿದ್ರ ಪಂಚಮಿ ಹಬ್ಬ ದಾಟ್ತದ್ರಿ ಅವ್ವಾರ."

"ದಾಟ್ಲಿ," ಎಂದು ನಾನು ಕೆಂಡ ತರಲು ಎದ್ದೆ.